ಹಲಸೂರಿನ ಹಲಸು, ಜೋಗುಪಾಳ್ಯದ ಜೌಗು
(ಎಳೆಯ ಹಣ್ಣಿನ ಗಿಡಗಳಿಗೆ ನಿಂತ ನೀರಿನಿಂದಾಗುವ ಕೇಡು)



ಮುಂಗಾರು ಹದವಾಯಿತೆಂದರೆ ಹಣ್ಣಿನ ಸಸಿ ನೆಡುವ ಸಡಗರ. ಸಸಿ ನೆಟ್ಟ ಮೊದಲ ಒಂದೆರಡು ವರ್ಷ ನೀರಿಲ್ಲದೆ ಸಾಯುವ ಗಿಡ ನಮ್ಮ ಕಣ್ಣಿಗೆ ಬೀಳುತ್ತದೆ. ನೀರು ಹೆಚ್ಚಾಗಿ ಸಾಯುವ ಗಿಡ ಮಾತ್ರ ಯಾರಿಗೂ ತಿಳಿಯದಂತೆ ಸಾಯುತ್ತದೆ. ನಮ್ಮ ಹಿರಿಯರು ಈ ಕೇಡನ್ನು ಹ್ಯಾಗೆ ದೂರವಿಟ್ಟಿದ್ದರು, ನಾವು ಹ್ಯಾಗೆ ಅದನ್ನು ಮರೆತೆವು ಎಂಬುದನ್ನು ಈ ದಿನ ನೋಡೋಣ.

ಬೆಂಗಳೂರು ದಂಡಿನ ಮೂಡಲಿಗೆ ಹಲಸೂರು ಇದೆ. ಹಲಸಿನ ತೋಪಿನಿಂದ ಈ ಹೆಸರು ಬಂತೆಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಅಲ್ಲಿನ ಕೆರೆಯ ಮಗ್ಗುಲಲ್ಲೇ ಜೋಗುಪಾಳ್ಯ. ಈ ಹೆಸರು ಹೇಳಿದ ಕೂಡಲೇ ರೈತನ ಕಿವಿಗೆ ಬೀಳುವುದು ಜೌಗು ಎಂಬ ಮಾತು. ಈಗ ಅಲ್ಲಿ ಹೊಲವೂ ಇಲ್ಲ, ಗದ್ದೆಯೂ ಇಲ್ಲ, ಬರೀ ಮನೆ, ಬೀದಿ. ಆದರೂ ಹಲಸು, ಜೌಗು ಎಂಬ ಎರಡು ಮಾತನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು ಇರುವ ಕಡೆ ಇನ್ನೊಂದು ಬಾಳುವುದಿಲ್ಲ. ಹಲಸು ಬೇಡುವುದು ನೀರು ಬಸಿದು ಹೋಗುವ ನೆಲವನ್ನು.

ಕೆಂಪೇಗೌಡರು 1537ರಲ್ಲಿ ಬೆಂಗಳೂರನ್ನು ಕಟ್ಟಿದರು. ಅವರ ವಂಶದವರ ಕಾಲದ ಕೆರೆಗಳಲ್ಲಿ ಹಲಸೂರು ಕೆರೆಯೂ ಒಂದೆಂದು ಹೇಳುತ್ತಾರೆ. ಈ ಸೀಮೆಗೆ ದೊಡ್ಡ ನದಿ ಇಲ್ಲ. ಮಳೆ ನೀರನ್ನು ಮೇಲಿನ ಕೆರೆ ಹಿಡಿಯಬೇಕು, ಅದು ಕೋಡಿ ಬಿದ್ದರೆ ಕೆಳಗಿನ ಕೆರೆಗೆ ಹೋಗಬೇಕು. ಹಲಸೂರಿನ ಕಡೆಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳ ದಾರಿ ಹಿಡಿದು ದಕ್ಷಿಣ ಪಿನಾಕಿನಿಗೆ ಸೇರುವಂಥದ್ದು.

ಕೆರೆಯ ಜೊತೆಗೆ ನೆಲಕ್ಕೂ ಒಂದು ಕ್ರಮವಿತ್ತು. ಏರಿಯ ಕೆಳಗೆ ತೂಬಿನ ನೀರು ಹರಿಯುವ ಅಚ್ಚುಕಟ್ಟಿನಲ್ಲಿ ಭತ್ತ, ಕಬ್ಬು. ಎತ್ತರದ ಹೊಲದಲ್ಲಿ ರಾಗಿ, ಹುರುಳಿ, ಅವರೆ. ಊರಿಗೆಲ್ಲ ಸೇರಿದ ಗುಂಡುತೋಪಿನಲ್ಲಿ ಮಾವು, ಹಲಸು, ಹುಣಿಸೆ. ಸರ್ಕಾರದ ಕಂದಾಯದ ಲೆಕ್ಕದಲ್ಲೂ ತರಿ, ಖುಷ್ಕಿ, ಬಾಗಾಯತು ಎಂದು ಮೂರು ಬಗೆ. ಗದ್ದೆಯ ನೆಲ ಬೇರೆ, ತೋಟದ ನೆಲ ಬೇರೆ ಎಂಬುದು ಕಾಗದದ ಮೇಲೂ ಬರೆದಿತ್ತು. ಭತ್ತದ ಕಾಂಡದೊಳಗೆ ಗಾಳಿ ಇಳಿಯುವ ದಾರಿ ಇದೆ. ಆದ್ದರಿಂದ ಅದು ಕೆಸರಿನಲ್ಲಿ ನಿಂತು ಬೆಳೆಯುತ್ತದೆ. ಹಲಸಿನ ಬೇರಿಗೆ ಆ ಅನುಕೂಲ ಇಲ್ಲ.

ಹಾಗಾದರೆ ನೀರು ನಿಂತಾಗ ಮಣ್ಣಿನೊಳಗೆ ಆಗುವುದೇನು? ಬೇರೂ ನಮ್ಮಂತೆಯೇ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿ ಗಾಳಿ ಇರುತ್ತದೆ. ನೀರು ಆ ಸಂದಿಯನ್ನೆಲ್ಲಾ ತುಂಬಿತೆಂದರೆ ಗಾಳಿ ಹೊರಟುಹೋಗುತ್ತದೆ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನಲ್ಲಿ ಉಳಿದಿದ್ದ ಅಲ್ಪಸ್ವಲ್ಪವೂ ಒಂದೆರಡು ದಿನದಲ್ಲಿ ಮುಗಿಯುತ್ತದೆ. ಉಸಿರು ಕಟ್ಟಿದ ಬೇರು ನೀರನ್ನು ಮೇಲಕ್ಕೆ ಎಳೆಯಲಾರದು. ಬುಡದಲ್ಲಿ ನೀರು ತುಂಬಿದ್ದರೂ ತುದಿಯ ಎಲೆ ಬಾಡುತ್ತದೆ. ಮೋಸ ಹೋಗುವುದು ಇಲ್ಲೇ. ಬಾಡಿದ ಎಲೆಯನ್ನು ಕಂಡು ಮನೆಯವರು ಇನ್ನೂ ಎರಡು ಬಿಂದಿಗೆ ನೀರು ಹಾಕುತ್ತಾರೆ. ಬಾಯಾರಿದ ಗಿಡವೋ, ಮುಳುಗಿದ ಗಿಡವೋ ಎಂದು ತಿಳಿಯಲು ಬುಡದ ಮಣ್ಣು ಕೆದಕಿ ನೋಡಿ. ಬೇರು ಕಪ್ಪಾಗಿ, ಸಿಪ್ಪೆ ಜಾರಿ, ಕೊಳೆತ ನಾತ ಬಂದರೆ ನೀರು ಹೆಚ್ಚಾಗಿದೆ ಎಂದೇ ಅರ್ಥ.

ಎರಡನೆಯ ಶತ್ರು ಬೂಷ್ಟು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಸಾಹೇಬರು ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ವಿವರ ಪ್ರಕಟಿಸಿದರು. ಅಡಿಕೆಯನ್ನು ಕೊಳೆಸುವ ಆ ಫೈಟಾಫ್ತರಾ ಎಂಬ ಬೂಷ್ಟಿನ ಬಳಗದವೇ ಪರಂಗಿ, ಬೆಣ್ಣೆಹಣ್ಣು, ಕಿತ್ತಳೆ ಗಿಡಗಳ ಬೇರನ್ನೂ ಬುಡವನ್ನೂ ಕೊಳೆಸುತ್ತವೆ. ಇವುಗಳ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ನಿಂತ ನೀರೇ ಅವಕ್ಕೆ ಹೆದ್ದಾರಿ.

ಎಲ್ಲ ಗಿಡಕ್ಕೂ ತಾಳಿಕೆ ಒಂದೇ ಅಲ್ಲ. ಪರಂಗಿ ಎರಡು ಮೂರು ದಿನ ನೀರಿನಲ್ಲಿ ನಿಂತರೆ ಉಳಿಯುವುದು ಕಷ್ಟ. ಬೆಣ್ಣೆಹಣ್ಣು ಅದಕ್ಕಿಂತ ಮೇಲೇನಲ್ಲ. ಎಳೆಯ ಹಲಸೂ ಸಹಿಸದು. ಮಾವು ಒಂದಿಷ್ಟು ತಡೆಯುತ್ತದೆ. ಸೀಬೆ, ಸಪೋಟ ಇನ್ನೂ ಗಟ್ಟಿ. ನೇರಳೆಯಂತೂ ಕೆರೆಯ ಅಂಚಿನಲ್ಲೇ ಬೆಳೆಯಬಲ್ಲದು.

ಹಿರಿಯರ ಕ್ರಮ ತಪ್ಪಿದ್ದು ಯಾವಾಗ? 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗಿನಿಂದ ಸಸಿ ಸಾಕುವ ವಿದ್ಯೆ ಬೆಳೆಯಿತು. 1960ರ ದಶಕದಲ್ಲಿ ಡಾ. ಎಂ. ಎಚ್. ಮರಿಗೌಡರು ಹಣ್ಣಿನ ತೋಟವನ್ನು ಹಳ್ಳಿಹಳ್ಳಿಗೂ ಮುಟ್ಟಿಸಲು ದುಡಿದರು. ಅದು ನಮ್ಮ ಭಾಗ್ಯ. ಆದರೆ ಮುಂದೆ ಕೆರೆಗಳು ಬತ್ತುತ್ತಾ ಬಂದವು. ಅಚ್ಚುಕಟ್ಟು ಒಣಗಿತು. ಭತ್ತವಿಲ್ಲದ ಗದ್ದೆಯಲ್ಲಿ ಮಾವು ನೆಟ್ಟವರೂ ಇದ್ದಾರೆ. ಕೆರೆ ಒಣಗಿರುವವರೆಗೆ ತೊಂದರೆ ಕಾಣಲಿಲ್ಲ.

ಈಗ ಕಾಲ ತಿರುಗಿದೆ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರನ್ನು ಕೋಲಾರ ಸೀಮೆಯ ಕೆರೆಗಳಿಗೆ ತುಂಬುತ್ತಿದ್ದಾರೆ. ಹಲಸೂರು, ಜೋಗುಪಾಳ್ಯದ ನೀರು ಇಳಿಯುವ ಕಣಿವೆಯೇ ಇದು. 2021ರ ನವೆಂಬರ್ ಮಳೆಗೆ ಕೋಲಾರದ ಕೆರೆಗಳು ಕೋಡಿ ಹರಿದವು, 2022ರಲ್ಲೂ ಬೆಂಗಳೂರಿನ ಸುತ್ತ ಭಾರಿ ಮಳೆಯಾಯಿತು. ತುಂಬಿದ ಕೆರೆಯ ಏರಿಯ ಕೆಳಗೆ ನೀರು ಜಿನುಗುವುದು ಸಹಜ. ಹತ್ತು ವರ್ಷ ಒಣಗಿದ್ದ ನೆಲ ತಾನು ಗದ್ದೆಯಾಗಿದ್ದುದನ್ನು ಮರೆತಿರುವುದಿಲ್ಲ. ಅಲ್ಲಿ ಸಸಿ ನೆಡುವ ಮೊದಲು ಊರಿನ ಹಿರಿಯರನ್ನೋ, ಹಳೆಯ ನೀರಗಂಟಿಯ ಮನೆಯವರನ್ನೋ ಒಂದು ಮಾತು ಕೇಳಿ.

ಮಾಡಬೇಕಾದದ್ದು ಹೆಚ್ಚೇನಿಲ್ಲ. ಎರಡು ಅಡಿ ಗುಂಡಿ ತೆಗೆದು ಸಂಜೆ ತುಂಬ ನೀರು ಹಾಕಿ. ಬೆಳಗ್ಗೆ ನೀರು ಹಾಗೆಯೇ ಇದ್ದರೆ ಆ ಗುಂಡಿ ಸಸಿಗೆ ಮನೆಯಲ್ಲ, ಬಾನಿ. ಅಂಥ ನೆಲದಲ್ಲಿ ಒಂದೂವರೆ ಅಡಿ ಎತ್ತರ, ನಾಲ್ಕೈದು ಅಡಿ ಅಗಲದ ಮಣ್ಣಿನ ದಿಬ್ಬ ಮಾಡಿ ಅದರ ನೆತ್ತಿಯಲ್ಲಿ ನೆಡಿ. ಕಸಿ ಕಟ್ಟಿದ ಗಂಟು ಮಣ್ಣಿಗಿಂತ ಮೇಲಿರಲಿ. ಸಾಲುಗಳ ನಡುವೆ ಇಳಿಜಾರಿನ ಕಡೆಗೆ ಎರಡು ಅಡಿ ಆಳದ ಬಸಿಗಾಲುವೆ ತೆಗೆಯಿರಿ. ಅದರ ಬಾಯಿ ನೆರೆಯವರ ಹೊಲಕ್ಕೆ ಬೀಳದಂತೆ ನೋಡಿಕೊಳ್ಳಿ.

ಮಳೆ ಹೊಡೆದು ನೀರು ನಿಂತರೆ ಅದೇ ದಿನ ಕಡಿದು ಬಿಡಿ. ಕೆಸರಿನಲ್ಲಿ ಉಳಬೇಡಿ, ಬುಡ ತುಳಿಯಬೇಡಿ. ಗಿಡ ಸೊರಗಿದೆ ಎಂದು ಯೂರಿಯಾ ಹಾಕಬೇಡಿ, ಉಸಿರಿಲ್ಲದ ಬೇರು ಗೊಬ್ಬರ ಉಣ್ಣಲಾರದು. ಮಣ್ಣು ಆರಿದ ಮೇಲೆ ಮೇಲ್ಪದರ ಸಡಿಲಿಸಿ, ಹೊಸ ಚಿಗುರು ಬರುವವರೆಗೆ ತಾಳಿ.

ಬೇಕಾದಷ್ಟು ನೀರು ಕೊಡುವುದು ಅರ್ಧ ವ್ಯವಸಾಯ, ಬೇಡದ ನೀರನ್ನು ಹೊರಗೆ ಕಳಿಸುವುದು ಇನ್ನರ್ಧ. ಕೆರೆಗೆ ತೂಬನ್ನೂ ಕೋಡಿಯನ್ನೂ ಎರಡನ್ನೂ ಇಟ್ಟ ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಈ ಮುಂಗಾರಿನಲ್ಲಿ ನೀವು ನೆಡುವ ಪ್ರತಿಯೊಂದು ಸಸಿಗೂ ಒಂದು ಪುಟ್ಟ ಕೋಡಿ ಇರಲಿ.