ಸ್ಕೂಟರಿನ ಕ್ಲಚ್ ಮತ್ತು ಪ್ರಸರಣದ ಸದ್ದು: ಮಾಸ್ತಿಕಟ್ಟೆ–ಹುಲಿಕಲ್ ಘಾಟಿ ಭಾಗದಲ್ಲಿ ಪತ್ತೆ ಮತ್ತು ದುರಸ್ತಿ

ಸ್ಕೂಟರಿನ ಎಂಜಿನ್ನಿನಿಂದ ಹಿಂಚಕ್ರಕ್ಕೆ ಬಲ ಸಾಗುವ ದಾರಿಯಲ್ಲಿ ಪುಲ್ಲಿ, ಬೆಲ್ಟ್, ಕ್ಲಚ್, ಗೇರ್ ಮತ್ತು ಬೇರಿಂಗುಗಳಿವೆ. ಇವು ಸವೆದಾಗ, ಒದ್ದೆಯಾದಾಗ ಅಥವಾ ತಪ್ಪಾಗಿ ಜೋಡಣೆಯಾದಾಗ ಸದ್ದು ಹೊರಡುತ್ತದೆ. ಆ ಸದ್ದಿನ ಮೂಲ ಹುಡುಕುವ ಮತ್ತು ಸರಿಪಡಿಸುವ ಕ್ರಮವೇ ಈ ಲೇಖನದ ವಿಷಯ. ಗೇರಿಲ್ಲದ ಸ್ಕೂಟರುಗಳಿಗೆ ಇಲ್ಲಿ ಹೆಚ್ಚು ಜಾಗ ಕೊಡಲಾಗಿದೆ. ಬಯಲುಸೀಮೆಯ ನಗರ ಬಳಕೆಗಿಂತ ಶಿವಮೊಗ್ಗ ಜಿಲ್ಲೆಯ ಹೊಸನಗರ, ತೀರ್ಥಹಳ್ಳಿ, ಸಾಗರ ತಾಲ್ಲೂಕುಗಳ ಘಟ್ಟದ ಬಳಕೆಯನ್ನೇ ಮುಖ್ಯವಾಗಿ ಗಮನಿಸಲಾಗಿದೆ.

ಪ್ರದೇಶ ಮತ್ತು ಬಳಕೆ

ಮಾಸ್ತಿಕಟ್ಟೆ ಹೊಸನಗರ ತಾಲ್ಲೂಕಿನಲ್ಲಿ, ತೀರ್ಥಹಳ್ಳಿ–ಕುಂದಾಪುರ ರಸ್ತೆಯ ಮೇಲಿದೆ. ಕರ್ನಾಟಕ ವಿದ್ಯುತ್ ನಿಗಮದ ವಾರಾಹಿ ಯೋಜನೆಯ ವಸತಿ ಕಾಲೊನಿ ಇರುವ ಊರು ಇದು. ಮಾಣಿ ಅಣೆಕಟ್ಟು ಮೇಲೆ, ನೆಲದೊಳಗಿನ ವಿದ್ಯುದಾಗಾರ ಕೆಳಗೆ ಹೊಸಂಗಡಿಯಲ್ಲಿ. ನಡುವೆ ಹುಲಿಕಲ್ ಘಾಟಿ. ಬಾಳೆಬರೆ ಘಾಟಿ ಎಂದೂ ಹೆಸರು. ನೀರಿಗೆ ನಾನೂರು ಮೀಟರಿಗೂ ಹೆಚ್ಚಿನ ಬೀಳುವ ಎತ್ತರ ಒದಗಿಸಿದ ಕಡಿದಾದ ನೆಲವೇ ಸ್ಕೂಟರಿಗೆ ಹತ್ತುವ ದಾರಿಯೂ ಆಗಿದೆ. ಮಳೆಗಾಲದಲ್ಲಿ ಪತ್ರಿಕೆಗಳ ಮಳೆ ವರದಿಯಲ್ಲಿ ಮಾಣಿ, ಯಡೂರು, ಹುಲಿಕಲ್, ಮಾಸ್ತಿಕಟ್ಟೆ, ಚಕ್ರಾ, ಸಾವೇಹಕ್ಲು ಎಂಬ ಹೆಸರುಗಳು ಸಾಲಾಗಿ ಬರುತ್ತವೆ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳ ಸಾಲಿನಲ್ಲಿ ಆಗುಂಬೆಯ ಜೊತೆ ಹುಲಿಕಲ್ಲಿನ ಹೆಸರೂ ಇದೆ.

ಇಂಥ ಕಡೆ ಸ್ಕೂಟರು ಇಬ್ಬರನ್ನು ಹೊರುವುದಲ್ಲದೆ ಹಾಲಿನ ಕ್ಯಾನು, ಅಡಿಕೆ ಚೀಲ, ಹಿಂಡಿ ಮೂಟೆ, ಅಡುಗೆ ಅನಿಲದ ಸಿಲಿಂಡರುಗಳನ್ನೂ ಹೊರುತ್ತದೆ. ಮನೆಯಿಂದ ಡಾಂಬರು ರಸ್ತೆಗೆ ಬರುವ ತನಕ ಮಣ್ಣಿನ ಏರು. ಆದ್ದರಿಂದ ಇಲ್ಲಿ ಸದ್ದಿಗೆ ಎರಡು ಬೇರೆಬೇರೆ ಕಾರಣಗಳಿವೆ: ನೀರು ಮತ್ತು ಸವೆತ. ಇವೆರಡನ್ನು ಬೇರ್ಪಡಿಸುವುದೇ ಈ ಭಾಗದ ಮೆಕ್ಯಾನಿಕನ ಮೊದಲ ಕೆಲಸ. ಆರಿದ್ರಾ ಮಳೆಯಲ್ಲಿ ಕಿರುಗುಟ್ಟಿತೆಂದು ಕ್ಲಚ್ ಸೆಟ್ ಬದಲಿಸಿದ ಸ್ಕೂಟರು ಪುಷ್ಯ ಮಳೆಯಲ್ಲಿ ಮತ್ತೆ ಹಾಗೇ ಕಿರುಗುಟ್ಟಿದರೆ, ಬದಲಿಸಿದ ಭಾಗದಲ್ಲಿ ದೋಷವೇ ಇರಲಿಲ್ಲ ಎಂದರ್ಥ.

ಹಿನ್ನೆಲೆ

ಗೇರಿನ ಸ್ಕೂಟರಿನ ಮಾದರಿ ಇಟಲಿಯಲ್ಲಿ 1946ರಲ್ಲಿ ಬಂದ ವೆಸ್ಪಾ. ಬಜಾಜ್ ಕಂಪನಿ 1960ರ ದಶಕದಲ್ಲಿ ಅದನ್ನು ಪರವಾನಗಿ ಪಡೆದು ತಯಾರಿಸಿತು; 1972ರಲ್ಲಿ ಬಂದ ಚೇತಕ್ ಮಲೆನಾಡಿನಲ್ಲಿಯೂ ಮನೆಮಾತಾಯಿತು. ಪುಲ್ಲಿಗಳ ವ್ಯಾಸ ತಾನಾಗಿ ಬದಲಾಗುವ ಬೆಲ್ಟ್ ಪ್ರಸರಣವನ್ನು ವಾಹನಗಳಲ್ಲಿ ಬಳಕೆಗೆ ತಂದವರಲ್ಲಿ ನೆದರ್ಲೆಂಡ್ಸಿನ ಡಾಫ್ ಕಂಪನಿ ಮುಖ್ಯ; ಅದರ 1958ರ ಸಣ್ಣ ಕಾರಿನಲ್ಲಿ ಇದ್ದದ್ದು ಈ ವ್ಯವಸ್ಥೆಯೇ. ಭಾರತದ ರಸ್ತೆಗೆ ಇದು 1984ರಲ್ಲಿ ಕೈನೆಟಿಕ್ ಹೋಂಡಾದ ಮೂಲಕ ಬಂತು. ಎರಡು ಸ್ಟ್ರೋಕಿನ ಆ ಗಾಡಿಗೆ ಗೇರು, ಕ್ಲಚ್ ಹಿಡಿಕೆ ಎರಡೂ ಇರಲಿಲ್ಲ. ಗುಂಡಿ ಒತ್ತಿದರೆ ಎಂಜಿನ್ ಚಾಲೂ ಆಗುತ್ತಿತ್ತು. 2001ರ ಹೋಂಡಾ ಆಕ್ಟಿವಾ ನಾಲ್ಕು ಸ್ಟ್ರೋಕಿನ ಎಂಜಿನ್ನಿಗೆ ಇದೇ ಪ್ರಸರಣ ಜೋಡಿಸಿತು. ಇಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಮೈಸೂರಿನ ಬಳಿಯ ಟಿವಿಎಸ್ ಕಾರ್ಖಾನೆಯಲ್ಲಿ ತಯಾರಾಗುವ ಪೆಟ್ರೋಲ್ ಸ್ಕೂಟರುಗಳ ಎಡಬದಿಯ ಕವರು ಬಿಚ್ಚಿದರೆ ಒಳಗೆ ಕಾಣುವುದು ಹೆಚ್ಚುಕಡಿಮೆ ಒಂದೇ ಜೋಡಣೆ.

ರಚನೆ

ಕ್ರ್ಯಾಂಕಿನ ಎಡತುದಿಯಲ್ಲಿ ವೇರಿಯೇಟರ್ ಇದೆ. ಅದರೊಳಗಿನ ರೋಲರುಗಳು (ಸಾಮಾನ್ಯವಾಗಿ ಆರು) ವೇಗ ಹೆಚ್ಚಿದಂತೆ ಹೊರಕ್ಕೆ ಸರಿದು ಪುಲ್ಲಿಯ ಚಲಿಸುವ ತಟ್ಟೆಯನ್ನು ಒತ್ತುತ್ತವೆ; ಬೆಲ್ಟ್ ಮುಂದಿನ ಪುಲ್ಲಿಯಲ್ಲಿ ಮೇಲೇರಿ, ಹಿಂದಿನದರಲ್ಲಿ ಕೆಳಗಿಳಿಯುತ್ತದೆ. ಹಿಂದಿನ ಪುಲ್ಲಿಯ ಜೊತೆ ಒಂದು ದೊಡ್ಡ ಸ್ಪ್ರಿಂಗ್, ಓರೆ ಸೀಳುಗಳಲ್ಲಿ ಜಾರುವ ಪಿನ್ನುಗಳು, ಮೂರು ಕ್ಲಚ್ ಶೂಗಳು ಇವೆ. ಅವುಗಳ ಮೇಲೆ ಬಟ್ಟಲಿನಂತೆ ಕವುಚಿದ ಕ್ಲಚ್ ಬೆಲ್. ಎಂಜಿನ್ ವೇಗ ಒಂದು ಮಟ್ಟ ದಾಟಿದಾಗ ಶೂಗಳು ಅರಳಿ ಬೆಲ್ಲನ್ನು ಹಿಡಿಯುತ್ತವೆ. ಬೆಲ್ಲಿನಿಂದ ಮುಂದೆ, ಬೇರೆ ಎಣ್ಣೆಯಲ್ಲಿ ಮುಳುಗಿದ ಸಣ್ಣ ಗೇರ್ ಪೆಟ್ಟಿಗೆ, ಆಮೇಲೆ ಚಕ್ರ.

ಇದರಲ್ಲಿ ನೆನಪಿಡಬೇಕಾದದ್ದು: ಶೂವಿನವರೆಗಿನ ಭಾಗ ಎಂಜಿನ್ ಓಡುವಾಗಲೆಲ್ಲ ತಿರುಗುತ್ತದೆ, ಬೆಲ್ಲಿನಿಂದಾಚೆಗಿನ ಭಾಗ ಚಕ್ರ ತಿರುಗುವಾಗಲೆಲ್ಲ ತಿರುಗುತ್ತದೆ. ಪತ್ತೆಯ ಇಡೀ ಕ್ರಮ ನಿಂತಿರುವುದು ಇದರ ಮೇಲೆ.

ಪತ್ತೆ

‘ಸೌಂಡ್ ಬರ್ತಿದೆ’ ಎಂಬ ದೂರಿನಿಂದ ಹೆಚ್ಚೇನೂ ತಿಳಿಯುವುದಿಲ್ಲ. ಯಾವಾಗ ಬರುತ್ತದೆ ಎಂದು ಕೇಳಬೇಕು: ನಿಂತಲ್ಲಿಯೋ, ಹೊರಡುವಾಗಲೋ, ಓಡುವಾಗಲೋ, ಆಕ್ಸಿಲರೇಟರ್ ಬಿಟ್ಟಾಗಲೋ, ಬೆಳಗಿನ ಮೊದಲ ಐದು ನಿಮಿಷ ಮಾತ್ರವೋ, ದಿನವಿಡೀಯೋ. ಸದ್ದಿನ ಬಗೆಗಿಂತ ಅದರ ಹೊತ್ತು ಹೆಚ್ಚು ನಂಬಿಕೆಗೆ ಅರ್ಹ. ಒಬ್ಬರು ಗಡಗಡ ಎಂದದ್ದನ್ನು ಇನ್ನೊಬ್ಬರು ಕಟಕಟ ಎನ್ನುತ್ತಾರೆ.

ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಎಂಜಿನ್ನನ್ನು ಐಡ್ಲಿಂಗಿನಲ್ಲಿಟ್ಟು ಹಿಂದಿನ ಬ್ರೇಕನ್ನು ಮೆಲ್ಲನೆ ಹಿಡಿಯುವುದು ಮೊದಲ ಪರೀಕ್ಷೆ. ಚಕ್ರದ ಜೊತೆ ಸದ್ದೂ ನಿಂತರೆ ಮೂಲ ಬೆಲ್ಲಿನಲ್ಲಿ ಅಥವಾ ಅದರಾಚೆ ಇದೆ. ಸದ್ದು ನಿಲ್ಲದಿದ್ದರೆ ವೇರಿಯೇಟರ್, ಬೆಲ್ಟ್, ಕಿಕ್ಕರ್ ಗೇರ್ ಅಥವಾ ಎಂಜಿನ್ನಿನ ಕಡೆ ನೋಡಬೇಕು. ಬ್ರೇಕ್ ಹಿಡಿದ ಕೂಡಲೇ ಎಂಜಿನ್ ಕುಗ್ಗಿ ನಿಲ್ಲುವಂತಾದರೆ ಐಡ್ಲಿಂಗ್ ಹೆಚ್ಚಿದೆ, ಇಲ್ಲವೆ ಕ್ಲಚ್ ಸ್ಪ್ರಿಂಗು ಸೋತು ಶೂಗಳು ಬೆಲ್ಲನ್ನು ಬಿಡುತ್ತಿಲ್ಲ. ಬ್ರೇಕ್ ಹಿಡಿದಿರುವಾಗ ಆಕ್ಸಿಲರೇಟರ್ ತಿರುಗಿಸಬಾರದು. ಕೆಲವೇ ಕ್ಷಣಗಳಲ್ಲಿ ಶೂ ಸುಡುತ್ತದೆ.

ಎರಡನೆಯ ಪರೀಕ್ಷೆಗೆ ಎಂಜಿನ್ ಆರಿಸಿ, ಸಮತಟ್ಟಾದ ರಸ್ತೆಯಲ್ಲಿ ಗಾಡಿಯನ್ನು ತಳ್ಳಿಕೊಂಡು ಹೋಗಬೇಕು. ಆಗ ಚಕ್ರ, ಗೇರ್ ಪೆಟ್ಟಿಗೆ, ಬೆಲ್ ಮಾತ್ರ ತಿರುಗುತ್ತವೆ. ಕರಕರ ಎಂದರೆ ಚಕ್ರದ ಅಥವಾ ಗೇರ್ ಪೆಟ್ಟಿಗೆಯ ಬೇರಿಂಗ್. ಹಿಂಬ್ರೇಕಿನ ಹೊಂದಿಕೆ ನಟ್ಟನ್ನು ಸಡಿಲಿಸಿದಾಗ ಸದ್ದು ಹೋದರೆ ಅದು ಬ್ರೇಕ್ ಶೂವಿನದು. ಈ ಪರೀಕ್ಷೆಗೆಂದು ಘಾಟಿಯಲ್ಲಿ ಎಂಜಿನ್ ಆರಿಸಿ ಇಳಿಯುವ ಅಭ್ಯಾಸ ಕೆಲವರಿಗಿದೆ. ಹಾಗೆ ಮಾಡಬಾರದು. ಎಂಜಿನ್ನಿನ ತಡೆ ಪೂರ್ತಿ ಇಲ್ಲವಾಗಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಮತ್ತು ಬಾಳೆಬರೆಯ ತಿರುವುಗಳಲ್ಲಿ ಎದುರು ಬರುವುದು ಲಾರಿ ಮತ್ತು ಬಸ್ಸು.

ಕ್ಲಚ್: ಕಿರುಗುಟ್ಟುವಿಕೆ ಮತ್ತು ನಡುಕ

ಹೊರಡುವಾಗ ಮಾತ್ರ ಕಿರ್ರೆನ್ನುವ ಸದ್ದು, ಅಥವಾ ಗಾಡಿ ನಡುಗಿ ‘ಜರ್ಕ್ ಹೊಡೆಯುವುದು’ ಕ್ಲಚ್ಚಿನ ಗುರುತು. ಮಳೆಗಾಲದಲ್ಲಿ ಇದನ್ನು ಎರಡಾಗಿ ವಿಂಗಡಿಸಬೇಕು. ರಾತ್ರಿಯಿಡೀ ತೇವದಲ್ಲಿ ನಿಂತ ಗಾಡಿಯ ಬೆಲ್ಲಿನ ಒಳಮೈಗೆ ತೆಳುವಾದ ತುಕ್ಕು ಹಿಡಿಯುತ್ತದೆ. ಬೆಳಿಗ್ಗೆ ಶೂಗಳು ಮೊದಲ ಕೆಲವು ಸಲ ಹಿಡಿಯುವಾಗ ಅದು ಉಜ್ಜಿ ಕಿರುಗುಟ್ಟುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಇದಕ್ಕೆ ದುರಸ್ತಿ ಬೇಡ. ಗಾಡಿ ಬಿಸಿಯಾದ ಮೇಲೂ, ವಿಶೇಷವಾಗಿ ಘಾಟಿ ಹತ್ತಿ ಮೇಲೆ ಬಂದ ಮೇಲೆ, ಸದ್ದು ಹೆಚ್ಚುತ್ತ ಹೋದರೆ ಅದು ಸವೆತ.

ಘಾಟಿ ಕ್ಲಚ್ಚನ್ನು ತಿನ್ನುವ ಬಗೆ ಹೀಗೆ. ಹೊರೆ ಹೊತ್ತ ಗಾಡಿ ಕಡಿದಾದ ತಿರುವಿನಲ್ಲಿ ತೀರ ನಿಧಾನವಾದಾಗ ಶೂಗಳು ಬೆಲ್ಲನ್ನು ಪೂರ್ತಿ ಹಿಡಿಯುವಷ್ಟು ವೇಗ ಉಳಿದಿರುವುದಿಲ್ಲ, ಪೂರ್ತಿ ಬಿಡುವಷ್ಟು ಇಳಿದೂ ಇರುವುದಿಲ್ಲ. ಎಂಜಿನ್ನಿನ ಬಲದ ದೊಡ್ಡ ಪಾಲು ಉಜ್ಜಾಟದ ಬಿಸಿಯಾಗಿ ಬೆಲ್ಲಿಗೆ ಸೇರುತ್ತದೆ. ಏರಿನಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡಲು ನಿಂತವರು ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನ ಬಲದಲ್ಲೇ ಗಾಡಿಯನ್ನು ತಡೆದು ನಿಲ್ಲಿಸಿದರೆ ಕೆಡುಕು ಇನ್ನೂ ಹೆಚ್ಚು. ಅಂಥ ಗಾಡಿಯ ಕವರು ಬಿಚ್ಚಿದಾಗ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ. ಬೆಲ್ಲಿನ ಮೈಮೇಲೆ ನೀಲಿ, ನೇರಳೆ, ಕಂದು ಬಳೆಗಳು ಕಾಣುತ್ತವೆ. ಒಳಮೈ ಮೇಲೆ ಉಗುರಾಡಿಸಿದರೆ ಗೀರುಗಳು ಸಿಗುತ್ತವೆ. ಶೂವಿನ ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತದೆ. ಆ ಹೊಳಪೇ ಕಿರುಗುಟ್ಟುವಿಕೆಯ ಕಾರಣ.

ಶೂವಿನಲ್ಲಿ ದಪ್ಪ ಉಳಿದಿದ್ದರೆ ಎಮೆರಿ ಕಾಗದದಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಬೆಲ್ಲಿನ ಒಳಮೈಯನ್ನೂ ಲಘುವಾಗಿ ಉಜ್ಜಿ, ಎಣ್ಣೆಯಂಶ ಇಲ್ಲದಂತೆ ಒರೆಸಿ ಜೋಡಿಸಬಹುದು. ಹಲವು ಮಾದರಿಗಳಲ್ಲಿ ಶೂವಿನ ಲೈನಿಂಗ್ ಸುಮಾರು 2 ಮಿಲಿಮೀಟರಿಗೆ ಇಳಿದರೆ ಬದಲಿಸಲು ಸೂಚನೆ ಇದೆ. ಬೆಲ್ಲಿನಲ್ಲಿ ನೀಲಿ ಬಳೆ ದಟ್ಟವಾಗಿದ್ದು ದುಂಡು ತಪ್ಪಿದ್ದರೆ ಶೂ ಮಾತ್ರ ಬದಲಿಸಿ ಪ್ರಯೋಜನವಿಲ್ಲ. ಹೊಸ ಶೂ ಹಳೆ ಬೆಲ್ಲಿನ ಎತ್ತರದ ಜಾಗಗಳನ್ನಷ್ಟೇ ಹಿಡಿದು ಕೆಲವೇ ವಾರಗಳಲ್ಲಿ ಮತ್ತೆ ನಡುಗುತ್ತದೆ. ಒಳಗಿನ ಕರಿಪುಡಿಯನ್ನು ಕಂಪ್ರೆಸರ್ ಗಾಳಿಯಿಂದ ಊದುವ ರೂಢಿ ಅಂಗಡಿಗಳಲ್ಲಿ ಇದೆ. ಆ ಪುಡಿ ಉಸಿರಿಗೆ ಒಳ್ಳೆಯದಲ್ಲ; ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇದ್ದಿರಬಹುದಾದ್ದರಿಂದ ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಸರಿ. ಶೂ ಜೋಡಣೆಯ ದೊಡ್ಡ ನಟ್ಟಿನ ಹಿಂದೆ ಅದುಮಿದ ಸ್ಪ್ರಿಂಗ್ ಇರುತ್ತದೆ. ಅದುಮುವ ಸಲಕರಣೆ ಇಲ್ಲದೆ ಅದನ್ನು ಬಿಚ್ಚಿದರೆ ಸ್ಪ್ರಿಂಗು ಸಿಡಿದು ಗಾಯವಾಗುತ್ತದೆ.

ಇಳಿಜಾರಿನಲ್ಲಿ ವೇಗ ತೀರ ತಗ್ಗಿದಾಗ ಶೂಗಳು ಬೆಲ್ಲನ್ನು ಬಿಟ್ಟು ಗಾಡಿ ಹಗುರಾಗಿ ಓಡತೊಡಗುತ್ತದೆ. ಮತ್ತೆ ಆಕ್ಸಿಲರೇಟರ್ ಕೊಟ್ಟಾಗ ‘ಟಕ್’ ಎಂದು ಹಿಡಿಯುತ್ತದೆ. ಗೇರಿನ ಹಲ್ಲುಗಳ ನಡುವಿನ ಸಹಜ ಬಿಡುವು ಇದಕ್ಕೆ ಕಾರಣ, ದೋಷವಲ್ಲ. ಹುಲಿಕಲ್ ಇಳಿಯುವವರು ಆಕ್ಸಿಲರೇಟರನ್ನು ತುಸುವೇ ಹಿಡಿದಿಟ್ಟರೆ ಕ್ಲಚ್ ಬಿಡುವುದಿಲ್ಲ, ಎಂಜಿನ್ನಿನ ತಡೆಯೂ ಉಳಿಯುತ್ತದೆ.

ವೇರಿಯೇಟರ್ ಮತ್ತು ಬೆಲ್ಟ್

ಐಡ್ಲಿಂಗಿನಲ್ಲಿ ಎಡಬದಿಯಿಂದ ಕಟಕಟ ಎಂದು, ತುಸು ವೇಗ ಕೊಟ್ಟೊಡನೆ ಮಾಯವಾಗುವ ಸದ್ದು ಬಹುಮಟ್ಟಿಗೆ ರೋಲರುಗಳದು ಅಥವಾ ಅವುಗಳ ಹಿಂದಿನ ತಟ್ಟೆಯ ಪ್ಲಾಸ್ಟಿಕ್ ಸ್ಲೈಡುಗಳದು. ದುಂಡಗಿರಬೇಕಾದ ರೋಲರ್ ಒಂದು ಬದಿ ಚಪ್ಪಟೆಯಾದರೆ ಸರಾಗ ಸರಿಯುವುದಿಲ್ಲ. ‘ಪಿಕಪ್ ಇಲ್ಲ’ ಎಂಬ ದೂರೂ ಜೊತೆಗೆ ಬರುತ್ತದೆ. ರೋಲರುಗಳನ್ನು ಒಂದೆರಡಾಗಿ ಬದಲಿಸದೆ ಇಡೀ ಸೆಟ್ಟನ್ನೇ ಬದಲಿಸಬೇಕು. ರೋಲರಿಗೆ ಗ್ರೀಸು ಹಚ್ಚುವ ಪದ್ಧತಿ ವ್ಯಾಪಕವಾಗಿದ್ದರೂ ಬಹುತೇಕ ಸ್ಕೂಟರುಗಳಲ್ಲಿ ಅವು ಒಣಗಿಯೇ ಓಡಬೇಕಾದವು. ಗ್ರೀಸು ಬಿಸಿಗೆ ಹರಿದು ಬೆಲ್ಟಿಗೆ ತಾಗಿದರೆ ಬೆಲ್ಟ್ ಜಾರುತ್ತದೆ. ಗ್ರೀಸು ಬೇಕಾದದ್ದು ಹಿಂದಿನ ಪುಲ್ಲಿಯ ಪಿನ್ನುಗಳಿಗೆ, ಅದೂ ಬಿಸಿ ತಾಳುವ ಗ್ರೀಸು, ಅಳತೆಯಲ್ಲಿ.

ಬೆಲ್ಟಿನ ಸದ್ದಿನಲ್ಲಿಯೂ ನೀರಿನ ಪಾತ್ರ ದೊಡ್ಡದು. ಕವರಿನೊಳಗೆ ಗಾಳಿಯಾಡಲು ದಾರಿ ಇರುವುದರಿಂದ ಹಳ್ಳ ತುಂಬಿ ಹರಿಯುವ ಮೋರಿ ದಾಟಿದಾಗ, ನೀರಿನ ಪಂಪು ಹಿಡಿದು ತೊಳೆದಾಗ ನೀರು ಒಳ ಸೇರುತ್ತದೆ. ಎಂಜಿನ್ ಬೊಬ್ಬೆಯಿಟ್ಟರೂ ಗಾಡಿ ಮುಂದೆ ಹೋಗದೆ ಚೀರುವ ಸದ್ದು ಬಂದರೆ ಗಾಡಿ ನಿಲ್ಲಿಸಿ, ಕವರಿನ ತಳದಲ್ಲಿ ನೀರು ಬಿಡುವ ತೂತಿದ್ದರೆ ಅದನ್ನು ತೆರೆದು ಒಣಗಲು ಬಿಡಬೇಕು. ಒಣಗಿದ ಮೇಲೆ ಸದ್ದು ಹೋದರೆ ಬೆಲ್ಟ್ ಬದಲಿಸುವುದು ವ್ಯರ್ಥ. ಹೋಗದಿದ್ದರೆ ಬೆಲ್ಟನ್ನು ಹಿಮ್ಮುಖವಾಗಿ ಬಾಗಿಸಿ ಹಲ್ಲುಗಳ ಬುಡದಲ್ಲಿ ಬಿರುಕು ಹುಡುಕಬೇಕು, ಅಗಲ ಅಳೆಯಬೇಕು. ಕೆಲವು ಕಂಪನಿಗಳು ಸುಮಾರು 24 ಸಾವಿರ ಕಿಲೋಮೀಟರಿಗೆ ಬದಲಿಸಲು ಹೇಳುತ್ತವೆ. ಘಟ್ಟದ ಹೊರೆಗಾಡಿಗೆ ಅದಕ್ಕಿಂತ ಬೇಗ ಪರೀಕ್ಷಿಸುವುದು ಜಾಣತನ, ಏಕೆಂದರೆ ಬೆಲ್ಟ್ ಕಡಿದರೆ ಗಾಡಿ ಮುಂದೆ ಒಂದು ಮಾರೂ ಹೋಗದು.

ಬೆಲ್ಟ್ ಜೋಡಣೆಯಲ್ಲಿ ಒಂದು ತಪ್ಪು ಮತ್ತೆ ಮತ್ತೆ ನಡೆಯುವುದರಿಂದ ಅದನ್ನು ವಿವರವಾಗಿ ಹೇಳಬೇಕಾಗಿದೆ. ಹಿಂದಿನ ಪುಲ್ಲಿಯ ತಟ್ಟೆಗಳನ್ನು ಕೈಯಿಂದ ಅಗಲಿಸಿ ಬೆಲ್ಟನ್ನು ಅವುಗಳ ನಡುವೆ ಆಳಕ್ಕೆ ಅದುಮಬೇಕು. ಆಗ ಮುಂದಿನ ತುದಿಯಲ್ಲಿ ಬೆಲ್ಟ್ ಸಡಿಲವಾಗಿ, ವೇರಿಯೇಟರಿನ ನಡುವಿನ ಬುಷ್ಷಿನ ಮೇಲೆ ಕೂರುತ್ತದೆ. ಹಾಗೆ ಮಾಡದೆ ಮುಂದಿನ ಪುಲ್ಲಿಯ ಹೊರ ತಟ್ಟೆಯನ್ನು ಕೂರಿಸಿ ನಟ್ಟು ಬಿಗಿದರೆ ತಟ್ಟೆ ಬುಷ್ಷಿಗೆ ತಾಗುವ ಬದಲು ಬೆಲ್ಟಿನ ಅಂಚನ್ನು ಕಚ್ಚಿ ಹಿಡಿಯುತ್ತದೆ. ಬಿಗಿಯುವವನ ಕೈಗೆ ನಟ್ಟು ಗಟ್ಟಿಯಾಯಿತೆಂದೇ ಅನ್ನಿಸುತ್ತದೆ. ಗಾಡಿ ಓಡಿ ಬೆಲ್ಟ್ ತನ್ನ ಜಾಗಕ್ಕೆ ಬಂದೊಡನೆ ತಟ್ಟೆ ಸಡಿಲಾಗಿ, ಕ್ರ್ಯಾಂಕಿನ ಹಲ್ಲುಗೆರೆಗಳನ್ನು ತಿನ್ನತೊಡಗುತ್ತದೆ. ಲೋಹ ಲೋಹಕ್ಕೆ ಬಡಿಯುವ ಸದ್ದು ಕೇಳುತ್ತದೆ. ಕೆಲವು ನೂರು ರೂಪಾಯಿಯ ಕೆಲಸ ಕ್ರ್ಯಾಂಕ್ ಬದಲಿಸುವ ಖರ್ಚಿಗೆ ತಲುಪುವುದು ಹೀಗೆ. ಬಿಗಿದ ಮೇಲೆ ಪುಲ್ಲಿಯನ್ನು ಕೈಯಲ್ಲಿ ಹಲವು ಸುತ್ತು ತಿರುಗಿಸಿ ಬೆಲ್ಟ್ ಸರಿಯಾಗಿ ಕೂತದ್ದನ್ನು ನೋಡಿ, ಟಾರ್ಕ್ ರೆಂಚಿನಲ್ಲಿ ಇನ್ನೊಮ್ಮೆ ಪರೀಕ್ಷಿಸಬೇಕು.

ಕಿಕ್ಕರ್ ಗೇರಿನ ಗ್ರೀಸು ಒಣಗಿ, ಅದು ತನ್ನ ಜಾಗಕ್ಕೆ ಮರಳದೆ ಕರ್ರೆನ್ನುವುದೂ ಉಂಟು. ಶುಚಿಮಾಡಿ ಗ್ರೀಸು ಹಚ್ಚಿದರೆ ಸಾಕು.

ಗೇರ್ ಪೆಟ್ಟಿಗೆ

ವೇಗದೊಂದಿಗೆ ಏರಿ, ಆಕ್ಸಿಲರೇಟರ್ ಬಿಟ್ಟರೂ ಮುಂದುವರಿಯುವ ‘ಹೂಂ’ ಎಂಬ ಸದ್ದು ಇಲ್ಲಿನದು. ಹಲವು 110 ಸಿಸಿ ಸ್ಕೂಟರುಗಳಲ್ಲಿ ಈ ಪೆಟ್ಟಿಗೆಯ ಎಣ್ಣೆ 100ರಿಂದ 150 ಮಿಲಿಲೀಟರ್ ಮಾತ್ರ, ಮತ್ತು ಎಂಜಿನ್ ಆಯಿಲ್ ಬದಲಿಸುವಾಗ ಇದನ್ನು ಮರೆಯುವುದೇ ಹೆಚ್ಚು. ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಎಣ್ಣೆಯ ಜೊತೆ ಸೀಲನ್ನೂ ಬದಲಿಸಬೇಕು. ಲೋಹದ ಚೂರು ಕಂಡರೆ ಪೆಟ್ಟಿಗೆ ಬಿಚ್ಚಿ ಬೇರಿಂಗು ನೋಡದೆ ದಾರಿಯಿಲ್ಲ.

ಗೇರಿನ ಸ್ಕೂಟರುಗಳು

ಗೇರಿನ ಚೇತಕ್ ಮತ್ತು ಅದರ ಸಂಬಂಧಿಕರು ಈಗ ಅಪರೂಪ. ಇವುಗಳ ಕ್ಲಚ್ ಎಣ್ಣೆಯಲ್ಲಿ ಮುಳುಗಿದ, ಹಲವು ಪ್ಲೇಟುಗಳದ್ದು. ಕ್ರ್ಯಾಂಕಿನ ತುದಿಯಲ್ಲೇ ಇದೆ. ನ್ಯೂಟ್ರಲಿನಲ್ಲಿ ಹಿಡಿಕೆ ಒತ್ತಿದಾಗ ಸದ್ದು ನಿಂತರೆ ಗೇರ್ ಪೆಟ್ಟಿಗೆಯ ಬೇರಿಂಗನ್ನೂ, ಒತ್ತಿದಾಗ ಮಾತ್ರ ಬಂದರೆ ಕ್ಲಚ್ ಒತ್ತುವ ಪ್ಯಾಡನ್ನೂ ಸಂಶಯಿಸಬೇಕು. ಏರಿನಲ್ಲಿ ಕಟ್ಟೆಂದು ಗೇರು ಹಾರಿದರೆ ಒಳಗಿನ ಗೇರುಗಳನ್ನು ಹಿಡಿಯುವ ಗೇರ್ ಕ್ರಾಸ್ ಸವೆದಿದೆ. ಸುಮಾರು 250 ಮಿಲಿಲೀಟರ್ ಎಸ್‌ಎಇ 30 ಎಣ್ಣೆ ಇದಕ್ಕೆ ಸಾಕು.

ವಿದ್ಯುತ್ ಸ್ಕೂಟರುಗಳು

ಇವುಗಳಲ್ಲಿ ಕ್ಲಚ್ ಇಲ್ಲ. 2018ರಲ್ಲಿ ಬೆಂಗಳೂರಿನ ಏಥರ್ ತಂದ ಮಾದರಿಯಂತೆ ಕೆಲವಕ್ಕೆ ಹಲ್ಲಿನ ಬೆಲ್ಟ್ ಇದೆ. ಟಿವಿಎಸ್ ಐಕ್ಯೂಬಿನಂಥವುಗಳಲ್ಲಿ ಮೋಟರು ಚಕ್ರದೊಳಗೇ ಕೂತಿದೆ. ಬೆಲ್ಟ್ ಇರುವಲ್ಲಿ ಕೆಸರು ಅಂಟಿದಾಗ ಅಥವಾ ಬಿಗಿ ತಪ್ಪಿದಾಗ ಟಿಕ್‌ಟಿಕ್ ಸದ್ದು ಬರುತ್ತದೆ. ಶುಚಿಮಾಡಿ ಬಿಗಿ ಹೊಂದಿಸುವುದೇ ಅದರ ದುರಸ್ತಿ.