ತಲೆಯ ಮೇಲಿನ ಪುಸ್ತಕದ ಗಂಟು

ಕಥೆ ಬರೆಯೋದು ಒಂದು ಕೆಲಸ. ಬರೆದದ್ದನ್ನು ಜನರ ಕೈಗೆ ಮುಟ್ಟಿಸೋದು ಇನ್ನೊಂದು ಕೆಲಸ. ನಮ್ಮ ಸಾಹಿತ್ಯ ಚರಿತ್ರೆಗಳು ಮೊದಲನೆಯದನ್ನೇ ಹೆಚ್ಚು ಹೇಳುತ್ತ ಬಂದಿವೆ. ಅಚ್ಚಿನ ಖರ್ಚು ಯಾರು ಹೊತ್ತರು? ಓದಿದವರು ಯಾರು? ಓದಲಾಗದೆ ಹೊರಗೆ ನಿಂತವರು ಯಾರು? ಇದನ್ನು ನಾವು ಕೇಳಲೇಬೇಕು.

ಶಿಗ್ಗಾಂವ ಸೀಮೆಯಲ್ಲಿ ಈ ಪ್ರಶ್ನೆಗೆ ಹಳೆಯದೊಂದು ಉತ್ತರ ಐತಿ. ಕನಕದಾಸರ ಬಾಡ, ಶರೀಫರ ಶಿಶುನಾಳ ಎರಡೂ ಇದೇ ತಾಲೂಕಿನ ಊರುಗಳು. 1889ರಲ್ಲಿ ತೀರಿಕೊಂಡ ಶರೀಫರ ಪದಗಳು ಅಚ್ಚಿನ ಮನೆಯ ಹಂಗಿಲ್ಲದೆ ಬಾಯಿಂದ ಬಾಯಿಗೆ ದಾಟಿದವು. ಆದರೆ ಕಾದಂಬರಿ ಏಕತಾರಿ ಹಿಡಿದು ಹಾಡುವಂಥದ್ದಲ್ಲ. ಅದಕ್ಕೆ ಕಾಗದ ಬೇಕು, ಅಚ್ಚಿನ ಮೊಳೆ ಬೇಕು, ರೊಕ್ಕ ಬೇಕು.

ಆ ಕೆಲಸಕ್ಕೆ ಕೈಹಾಕಿದವರು ಪಕ್ಕದ ಹಾವೇರಿ ತಾಲೂಕಿನ ಒಬ್ಬ ಸಾಲಿ ಮಾಸ್ತರರು. ವರದಾ ನದಿ ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿ. ಊರ ಹೆಸರೇ ಅವರ ಬರಹದ ಹೆಸರಾಯಿತು. ಆಗ ಧಾರವಾಡ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಓದಿದವರ ನಡುವೆ ಮರಾಠಿಯದೇ ದರ್ಬಾರು. ಗಳಗನಾಥರು ಹರಿ ನಾರಾಯಣ ಆಪಟೆಯವರಂಥ ಮರಾಠಿ ಕಾದಂಬರಿಕಾರರ ಕಥೆಗಳನ್ನು ಕನ್ನಡಕ್ಕೆ ಒಗ್ಗಿಸಿದರು, ತಾವೂ ಬರೆದರು. 'ಕನ್ನಡಿಗರ ಕರ್ಮಕಥೆ'ಯಲ್ಲಿ ವಿಜಯನಗರದ ಪತನ ಓದುಗರ ಮುಂದೆ ಬಂತು.

ಅವರು ಹಿಡಿದ ದಾರಿ ನೋಡಿ. 1907ರಲ್ಲಿ ಅಗಡಿಯ ಆನಂದವನದಿಂದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆ ಹೊರಟಿತು. ಕಥೆ ಅದರಲ್ಲಿ ಕಂತು ಕಂತಾಗಿ ಬಂತು. ಕಂತಿನ ಗುಟ್ಟು ಸರಳ: ಇಡೀ ಪುಸ್ತಕದ ಬೆಲೆ ಒಮ್ಮೆಲೇ ಕೊಡಲಾಗದವನೂ ಚಂದಾ ಕೊಟ್ಟಾನು. ಮುಂದೇನಾಯ್ತು ಎಂಬ ಕುತೂಹಲ ಅವನನ್ನು ಮುಂದಿನ ತಿಂಗಳಿಗೂ ಎಳೆದು ತಂದೀತು. ಒಬ್ಬ ಓದಿದರೆ ಹತ್ತು ಮಂದಿ ಕೇಳಿಯಾರು. ಅಚ್ಚಾದ ಪುಸ್ತಕಗಳನ್ನು ಗಳಗನಾಥರು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. 1942ರಲ್ಲಿ ತೀರಿಕೊಂಡ ಈ ಮನುಷ್ಯ ಬರಹಗಾರ, ಸಂಪಾದಕ, ಹಮಾಲ ಎಲ್ಲವೂ ಆಗಿದ್ದ.

ಈ ದುಡಿಮೆಗೆ ನಾವು ತಲೆಬಾಗುತ್ತೇವೆ. ಆದರೆ ಗೆಳೆಯರೇ, ಆ ಗಂಟು ಊರ ಯಾವ ಓಣಿಯಲ್ಲಿ ಬಿಚ್ಚಿಕೊಳ್ಳಲು ಸಾಧ್ಯವಿತ್ತು? 1901ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಐದರಷ್ಟು. ಸಾರ್ವಜನಿಕ ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂಬ ಎಸ್.ಕೆ. ಬೋಳೆಯವರ ಠರಾವು ಮುಂಬಯಿ ಶಾಸನಸಭೆಯಲ್ಲಿ ಪಾಸಾದದ್ದು 1923ರಲ್ಲಿ. ಠರಾವು ಬೇಕಾಯಿತು ಅಂದ್ರೆ ಅಲ್ಲಿತನಕ ಬಾಗಿಲು ಮುಚ್ಚಿತ್ತು ಅಂತಲೇ ಅರ್ಥ. ಕೇರಿಯ ಹುಡುಗ ಆ ಕಥೆಯ ಓದುಗನಾಗೋದೇ ಕಷ್ಟವಿದ್ದಾಗ ಬರೆಯುವವನಾಗೋದು ಎಲ್ಲಿಯ ಮಾತು? ಅದಕ್ಕೇ ಅಂಬೇಡ್ಕರರು 1920ರಲ್ಲಿ 'ಮೂಕನಾಯಕ' ಹೊರಡಿಸಿದರು. 1970ರ ದಶಕದಲ್ಲಿ ಕನ್ನಡದಲ್ಲಿ 'ಶೂದ್ರ', 'ಪಂಚಮ' ಬಂದವು. ಪರರ ಪತ್ರಿಕೆಯ ಬಾಗಿಲು ಕಾಯುವುದಕ್ಕಿಂತ ನಮ್ಮದೇ ನಾಲ್ಕು ಹಾಳೆ ಮೇಲು ಎಂಬುದು ಈ ಸಣ್ಣ ಪತ್ರಿಕೆಗಳ ಪಾಠ.

ಇವತ್ತು ಮೊಳೆ ಜೋಡಿಸುವ ಕೆಲಸವಿಲ್ಲ. ಕೂಲಿ ಮುಗಿಸಿ ಬಂದವಳು ಕೈಯಲ್ಲಿನ ಮೊಬೈಲಿನಲ್ಲೇ ಕನ್ನಡ ಒತ್ತಿ ಒಂದು ಕಂತು ಹೊರಡಿಸಬಹುದು. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಂಥ ಕಡೆ ಹವ್ಯಾಸಿಗಳ ಧಾರಾವಾಹಿಗಳು ಬರುತ್ತಿವೆ. ಆದರೆ ಅಲ್ಲಿಯೂ ಜಾಗದ ಯಜಮಾನ ಬೇರೆಯವನು. ಆದ್ದರಿಂದ ನಾಲ್ಕಾರು ಕಂತು ಮೊದಲೇ ಬರೆದಿಟ್ಟುಕೊಳ್ಳಬೇಕು. ಹೇಳಿದ ದಿನ ತಪ್ಪಬಾರದು. ಒಂದು ಪ್ರತಿ ನಮ್ಮ ಕೈಯಲ್ಲೇ ಇರಬೇಕು. ಹಕ್ಕು ಯಾರದೆಂದು ಓದಿಯೇ ಒಪ್ಪಬೇಕು.

ಹಳ್ಳಿಯ ಮಾಸ್ತರರು, ಅಕ್ಕೋರು ಈ ಕೆಲಸ ಮಕ್ಕಳಿಗೆ ಕಲಿಸಲಿ. ವಾರಕ್ಕೊಂದು ಕಂತು ಬರೆಸಲಿ, ತರಗತಿಯಲ್ಲಿ ಗಟ್ಟಿಯಾಗಿ ಓದಿಸಲಿ. ಕೇರಿಯ ಕಥೆಯನ್ನು ಕೇರಿಯವರೇ ಬರೆದು ಕೇರಿಯವರೇ ಹಂಚಬೇಕು. ಅದನ್ನು ಹೊರುವ ತಲೆಯೂ ನಮ್ಮದೇ ಆಗಬೇಕು.