ಬೇಲಿ ಬೀಳದ ಹೊಲಗಳು: ಲ್ಯಾಕ್ಸ್‌ಟನ್ ಗ್ರಾಮದ ಸಾಗುವಳಿ, ಕಟ್ಟಳೆ ಮತ್ತು ಉಳಿವಿನ ಇತಿಹಾಸ

ಇಂಗ್ಲೆಂಡಿನ ಹಳ್ಳಿಗಾಡು ಎಂದೊಡನೆ ನೆನಪಾಗುವುದು ಹಸಿರು ಬೇಲಿಗಳ ನಡುವಿನ ಚೌಕ ಚೌಕ ಹೊಲಗಳು. ಅನಾದಿಕಾಲದಿಂದ ಹೀಗೇ ಇತ್ತೇನೋ ಎಂಬಂತೆ ಕಾಣುವ ಈ ನೋಟ ದೇಶದ ನಡುನಾಡಾದ ಮಿಡ್‌ಲ್ಯಾಂಡ್ಸ್‌ನಲ್ಲಿ ಬಹುಪಾಲು ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಸೃಷ್ಟಿ. ಅದಕ್ಕೂ ಮೊದಲು ಅಲ್ಲಿನ ಹಳ್ಳಿಗಳ ಸುತ್ತ ಬೇಲಿಯೇ ಇಲ್ಲದ ವಿಶಾಲ ಬಯಲುಗಳಿದ್ದವು. ಒಂದೊಂದು ಬಯಲೂ ನೂರಾರು ನೀಳ ಪಟ್ಟಿಗಳಾಗಿ ಒಡೆದಿತ್ತು, ಒಬ್ಬ ರೈತನ ಪಟ್ಟಿಗಳು ಎಲ್ಲೆಲ್ಲೋ ಚದುರಿರುತ್ತಿದ್ದವು. 1604ರಿಂದ 1914ರವರೆಗೆ ಬ್ರಿಟಿಷ್ ಸಂಸತ್ತು 5,200ಕ್ಕೂ ಹೆಚ್ಚು ಬೇಲಿ ಕಾಯಿದೆಗಳನ್ನು ಹೊರಡಿಸಿ ಸುಮಾರು 68 ಲಕ್ಷ ಎಕರೆ ನೆಲದ ಸ್ವರೂಪವನ್ನೇ ಬದಲಿಸಿತು. ಇದು ಇಂಗ್ಲೆಂಡಿನ ಒಟ್ಟು ವಿಸ್ತೀರ್ಣದ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಊರವರೇ ಒಪ್ಪಂದ ಮಾಡಿಕೊಂಡು ಹಾಕಿದ ಬೇಲಿಗಳ ಲೆಕ್ಕ ಇದರಲ್ಲಿ ಸೇರಿಲ್ಲ.

ಈ ಬದಲಾವಣೆಯ ನಡುವೆಯೂ ಹಳೆಯ ಪದ್ಧತಿಯನ್ನು ಅದರ ಕಟ್ಟಳೆಯ ಸಮೇತ ಉಳಿಸಿಕೊಂಡ ಊರು ನಾಟಿಂಗ್‌ಹ್ಯಾಮ್‌ಶೈರ್ ಜಿಲ್ಲೆಯ ಲ್ಯಾಕ್ಸ್‌ಟನ್. ಅದು ಉಳಿದದ್ದು ಹೇಗೆ, ಏನೇನು ಉಳಿಯಿತು, ಆ ಉಳಿವಿನಿಂದ ಇತಿಹಾಸಕಾರರು ಏನು ಕಲಿತರು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ಊರು ಮತ್ತು ಒಡೆಯರು

1086ರ ಡೂಮ್ಸ್‌ಡೇ ದಾಖಲೆಯಲ್ಲಿ ಲ್ಯಾಕ್ಸ್‌ಟನ್ನಿನ ಹೆಸರಿದೆ. ನಾರ್ಮನ್ನರು ಬರುವ ಮುನ್ನ ಇಲ್ಲಿನ ಒಡೆಯ ಟೋಕಿ, ಬಂದ ಮೇಲೆ ಜೆಫ್ರಿ ಆಲ್ಸೆಲಿನ್. ಊರಿನ ಉತ್ತರಕ್ಕೆ ಮಣ್ಣಿನ ದಿಬ್ಬ ಮತ್ತು ಕಂದಕಗಳ ರೂಪದಲ್ಲಿ ನಾರ್ಮನ್ ಕೋಟೆಯ ಕುರುಹು ಇಂದಿಗೂ ಸ್ಪಷ್ಟವಾಗಿದೆ. ಶೆರ್‌ವುಡ್ ಅರಣ್ಯದ ಕಾವಲು ಹಕ್ಕನ್ನು ವಂಶಪಾರಂಪರ್ಯವಾಗಿ ಪಡೆದಿದ್ದ ಎವರಿಂಗ್‌ಹ್ಯಾಮ್ ಮನೆತನ ಮಧ್ಯಯುಗದಲ್ಲಿ ಇಲ್ಲಿಂದಲೇ ಅಧಿಕಾರ ನಡೆಸಿತು. ಸಂತ ಮೈಕೇಲನ ಚರ್ಚಿನಲ್ಲಿ ಆ ಮನೆತನದವರ ಸಮಾಧಿ ಪ್ರತಿಮೆಗಳಿವೆ. ಅವುಗಳಲ್ಲಿ ಓಕ್ ಮರದಲ್ಲಿ ಕಡೆದ ಹೆಂಗಸಿನ ಪ್ರತಿಮೆ ಆ ಜಿಲ್ಲೆಯಲ್ಲಿ ಉಳಿದಿರುವ ಮಧ್ಯಯುಗದ ಏಕೈಕ ಮರದ ಸಮಾಧಿ ಪ್ರತಿಮೆ.

ಊರಿನ ಕಟ್ಟಡಗಳ ವಿನ್ಯಾಸವೂ ಸಾಗುವಳಿಯ ಕಥೆಯನ್ನೇ ಹೇಳುತ್ತದೆ. ಬೇಲಿ ಬಿದ್ದ ಊರುಗಳಲ್ಲಿ ರೈತರು ತಮ್ಮ ತಮ್ಮ ಜಮೀನಿನ ನಡುವೆ ಮನೆ ಕಟ್ಟಿಕೊಂಡು ಹಳ್ಳಿ ಬಿಟ್ಟರು. ಲ್ಯಾಕ್ಸ್‌ಟನ್ನಿನ ರೈತನಿಗೆ ಎಲ್ಲ ದಿಕ್ಕಿನಲ್ಲೂ ನೆಲವಿದ್ದುದರಿಂದ ಊರ ನಡುವೆ ಇರುವುದೇ ಅನುಕೂಲವಾಯಿತು. ಹೀಗಾಗಿ ಅಲ್ಲಿನ ಇಟ್ಟಿಗೆಯ ತೋಟದ ಮನೆಗಳು, ಕೊಟ್ಟಿಗೆಗಳು, ಕಣಜಗಳು ಇಂದಿಗೂ ಮುಖ್ಯ ಬೀದಿಗೆ ಹೊಂದಿಕೊಂಡೇ ಇವೆ. ಹಲವು ಮನೆಗಳು ಬೀದಿಗೆ ಪಕ್ಕೆಗೋಡೆ ತೋರಿಸಿ, ಹಿಂದೆ ಉದ್ದನೆಯ ಹಿತ್ತಲು ಬಿಟ್ಟುಕೊಂಡು ನಿಂತಿವೆ. ತಪ್ಪಿಸಿಕೊಂಡ ದನಗಳನ್ನು ಕೂಡಿಹಾಕುತ್ತಿದ್ದ ಊರ ದೊಡ್ಡಿಯೂ ಉಳಿದಿದೆ.

1635ರ ನಕ್ಷೆ

ಹದಿನೇಳನೆಯ ಶತಮಾನದ ಮೊದಲರ್ಧದಲ್ಲಿ ಲಂಡನ್ನಿನ ಶ್ರೀಮಂತ ವರ್ತಕ ಸರ್ ವಿಲಿಯಂ ಕೋರ್ಟನ್ ಲ್ಯಾಕ್ಸ್‌ಟನ್ನನ್ನು ಕೊಂಡ. ಕೊಂಡದ್ದನ್ನು ಅಳೆಸಿ ಬರೆಸಿಡುವುದು ವರ್ತಕನ ಸಹಜ ಕ್ರಮ. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಇಡೀ ಊರನ್ನು ಅಳೆದು ನಕ್ಷೆ ಬರೆದ, ಜೊತೆಗೆ ಪ್ರತಿ ಪಟ್ಟಿಯ ಹಿಡುವಳಿದಾರ ಯಾರು, ವಿಸ್ತೀರ್ಣ ಎಷ್ಟು ಎಂಬ ಪುಸ್ತಕವನ್ನೂ ಸಿದ್ಧಪಡಿಸಿದ. ಉಳುವವರು, ಬೇಟೆಯವರು, ದನಕುರಿಗಳ ಪುಟ್ಟ ಚಿತ್ರಗಳು ಆ ನಕ್ಷೆಯಲ್ಲಿವೆ. ಈಗ ಅದು ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ನಕ್ಷೆ, ಪುಸ್ತಕ ಮತ್ತು ಇಂದಿಗೂ ಉಳುಮೆಯಾಗುತ್ತಿರುವ ಹೊಲ, ಈ ಮೂರನ್ನೂ ಒಟ್ಟಿಗಿಟ್ಟು ಓದಬಲ್ಲ ಅವಕಾಶವೇ ಲ್ಯಾಕ್ಸ್‌ಟನ್ನಿಗೆ ಸಂಶೋಧಕರ ನಡುವೆ ವಿಶೇಷ ಸ್ಥಾನ ತಂದುಕೊಟ್ಟಿತು.

ಕನ್ನಡಿಗರು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಅದೇ 1635ರಲ್ಲಿ ಒಂದನೆಯ ಚಾರ್ಲ್ಸ್ ದೊರೆಯ ಅನುಮತಿ ಪಡೆದು, ಈಸ್ಟ್ ಇಂಡಿಯಾ ಕಂಪನಿಗೆ ಪ್ರತಿಸ್ಪರ್ಧಿಯಾಗಿ ಹೊಸ ವ್ಯಾಪಾರ ಸಂಘ ಕಟ್ಟಿದವರಲ್ಲಿ ಇದೇ ಕೋರ್ಟನ್ ಪ್ರಮುಖ. ಜಾನ್ ವೆಡೆಲ್‌ನ ನೇತೃತ್ವದಲ್ಲಿ 1636ರಲ್ಲಿ ಹೊರಟ ಆ ಸಂಘದ ಹಡಗುಗಳು ಮರುವರ್ಷ ಭಟ್ಕಳಕ್ಕೆ ಬಂದು ಕರಿಮೆಣಸಿನ ವ್ಯಾಪಾರಕ್ಕಾಗಿ ಕೋಠಿ ತೆರೆದವು. ಆ ಹಡಗುಗಳಲ್ಲಿ ಬಂದ ಪೀಟರ್ ಮಂಡಿ ಕೆಳದಿಯ ವೀರಭದ್ರ ನಾಯಕನ ಕಾಲದ ಇಕ್ಕೇರಿಯನ್ನು ಕಂಡು ಬರೆದಿಟ್ಟ ವಿವರ ನಮ್ಮ ಇತಿಹಾಸಕಾರರಿಗೆ ಪರಿಚಿತ. ಲ್ಯಾಕ್ಸ್‌ಟನ್ನಿನ ಬದುಗಳನ್ನು ಅಳೆಸಿದ ಹಣವೂ ಭಟ್ಕಳಕ್ಕೆ ಹಡಗು ಕಳಿಸಿದ ಹಣವೂ ಒಂದೇ ಮನೆತನದ್ದು. ಕೋರ್ಟನ್ 1636ರಲ್ಲೇ ತೀರಿಕೊಂಡ, ವ್ಯಾಪಾರ ಸಾಲದಲ್ಲಿ ಮುಳುಗಿತು. 1640ರ ಸುಮಾರಿಗೆ ಊರು ಪಿಯರ್‌ಪಾಂಟ್ ಮನೆತನಕ್ಕೆ ಸೇರಿತು. ಮುಂದೆ ಮ್ಯಾನ್ವರ್ಸ್‌ನ ಅರ್ಲ್‌ಗಳು ಎಂದು ಹೆಸರಾದವರು ಇದರ ಉತ್ತರಾಧಿಕಾರಿಗಳೇ.

ಮೂರು ಹೊಲ, ಮೂರು ವರ್ಷ

ಪಿಯರ್ಸ್‌ನ ನಕ್ಷೆಯಲ್ಲಿ ನಾಲ್ಕು ಬಯಲುಗಳಿವೆ. ಚಿಕ್ಕದಾದ ಪೂರ್ವದ ಹೊಲಕ್ಕೆ ಕಾಲಾಂತರದಲ್ಲಿ ಬೇಲಿ ಬಿತ್ತು. ಪಶ್ಚಿಮದ ಹೊಲ, ದಕ್ಷಿಣದ ಹೊಲ, ಗಿರಣಿ ಹೊಲ ಎಂಬ ಮೂರು ಉಳಿದಿವೆ. ಸಾಗುವಳಿಯ ಸರದಿ ಸರಳ. ಒಂದು ಹೊಲದಲ್ಲಿ ಚಳಿಗಾಲಕ್ಕೆ ಮುನ್ನ ಬಿತ್ತುವ ಗೋಧಿ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬಾರ್ಲಿಯಂಥ ಬೆಳೆ, ಮೂರನೆಯದು ಬೀಳು. ಮರುವರ್ಷ ಸರದಿ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಈಚಿನ ದಶಕಗಳಲ್ಲಿ ಬೀಳಿನ ವರ್ಷ ಮೇವಿನ ಹುಲ್ಲು ಬೆಳೆಯುವುದಕ್ಕೂ ಅವಕಾಶವಿದೆ.

ಸರದಿ ಸರಳವಾದರೂ ಅದರ ಪರಿಣಾಮ ಆಳವಾದದ್ದು. ಪ್ರತಿ ರೈತನಿಗೂ ಮೂರೂ ಹೊಲಗಳಲ್ಲಿ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ಮೂರನೆಯ ವರ್ಷ ಅವನ ಮನೆಗೆ ಕಾಳು ಬರುವುದಿಲ್ಲ. ಒಬ್ಬ ಗೋಧಿ ಬಿತ್ತಿದಾಗ ಪಕ್ಕದವನೂ ಗೋಧಿಯನ್ನೇ ಬಿತ್ತಬೇಕು, ಏಕೆಂದರೆ ಕೊಯ್ಲಾದ ಮೇಲೆ ಕೂಳೆಯಲ್ಲಿ ಊರ ದನಕುರಿಗಳೆಲ್ಲ ಒಟ್ಟಿಗೆ ಮೇಯುತ್ತಿದ್ದವು. ಹೊಲದ ಒಡೆತನ ಅವರವರದು, ಬೇಸಾಯದ ಕಾಲಪಟ್ಟಿ ಮಾತ್ರ ಊರಿನದು. ಉಳಲಾಗದ ತಗ್ಗು ಮತ್ತು ಇಳಿಜಾರುಗಳನ್ನು ಹುಲ್ಲಿಗೆ ಬಿಡಲಾಗಿತ್ತು. ಅಲ್ಲಿನ ಹುಲ್ಲು ಇಂದಿಗೂ ವರ್ಷಕ್ಕೊಮ್ಮೆ ಹರಾಜಾಗುತ್ತದೆ. ಎಂದೂ ನೇಗಿಲು ಕಾಣದ ಈ ತುಂಡುಗಳು ಅಪರೂಪದ ಕಾಡುಹೂಗಳ ನೆಲೆಯಾಗಿ ವೈಜ್ಞಾನಿಕ ಮಹತ್ವದ ಸಂರಕ್ಷಿತ ತಾಣವೆಂಬ ಮಾನ್ಯತೆ ಪಡೆದಿವೆ.

ಪಂಚರ ದಿನ

ಇಷ್ಟು ಹೆಣೆದುಕೊಂಡ ಬೇಸಾಯ ಕಟ್ಟಳೆಯಿಲ್ಲದೆ ನಡೆಯದು. ಆ ಕಟ್ಟಳೆಯನ್ನು ಕಾಯುವುದು ಕೋರ್ಟ್ ಲೀಟ್ ಎಂಬ ಗ್ರಾಮ ನ್ಯಾಯಸಭೆ. ನವೆಂಬರ್ ಕೊನೆ ಅಥವಾ ಡಿಸೆಂಬರ್ ಆರಂಭದಲ್ಲಿ ಪ್ರಮಾಣವಚನ ಪಡೆದ ಪಂಚರು ತಮ್ಮ ಮುಖ್ಯಸ್ಥನೊಂದಿಗೆ ಹೊಸದಾಗಿ ಗೋಧಿ ಬಿತ್ತಿದ ಹೊಲಕ್ಕೆ ಹೋಗುತ್ತಾರೆ. ಈಗ ಅವರನ್ನು ಒಯ್ಯುವುದು ಟ್ರ್ಯಾಕ್ಟರಿನ ಟ್ರೇಲರ್. ಯಾರಾದರೂ ದಾರಿಯನ್ನೋ ಸಾಮೂಹಿಕ ಹುಲ್ಲುನೆಲವನ್ನೋ ಒತ್ತುವರಿ ಮಾಡಿ ಉತ್ತಿದ್ದಾರೆಯೇ, ಬಸಿಗಾಲುವೆ ಹೂಳು ತುಂಬಿದೆಯೇ ಎಂದು ನೋಡುತ್ತಾರೆ, ಗಡಿಗೂಟ ನೆಟ್ಟು ಹದ್ದುಬಸ್ತು ಮಾಡುತ್ತಾರೆ. ಹೊಲ ನೋಡಿದ ಮೇಲೆ ಊರಿನ ಡವ್‌ಕೋಟ್ ಇನ್ ಎಂಬ ಪಬ್ಬಿನಲ್ಲಿ ಊಟ, ಚರ್ಚೆ, ತಪ್ಪು ಮಾಡಿದವರ ಪಟ್ಟಿ.

ಮುಂದಿನ ವಾರ ಅಲ್ಲಿಯೇ ನ್ಯಾಯಸಭೆ ಸೇರುತ್ತದೆ. ಜಮೀನುದಾರನ ಪರವಾಗಿ ಸ್ಟೀವರ್ಡ್ ಅಧ್ಯಕ್ಷತೆ ವಹಿಸುತ್ತಾನೆ. ಪಂಚರ ವರದಿ ಓದಿ ದಂಡ ವಿಧಿಸಲಾಗುತ್ತದೆ, ಬರುವ ವರ್ಷದ ಪಂಚರಿಗೆ ಪ್ರಮಾಣವಚನ ಬೋಧಿಸಲಾಗುತ್ತದೆ. ದಂಡದ ಮೊತ್ತ ಚಿಕ್ಕದು. ನಿಜವಾದ ಶಿಕ್ಷೆ ಎಂದರೆ ನೆರೆಯವರೆಲ್ಲರ ಎದುರು ಹೆಸರು ಓದಿಸಿಕೊಳ್ಳುವುದು. 1977ರ ನ್ಯಾಯಾಡಳಿತ ಕಾಯಿದೆ ದೇಶದ ಇತರ ಇಂಥ ಸಭೆಗಳ ಕಾನೂನು ಅಧಿಕಾರವನ್ನು ತೆಗೆದುಹಾಕಿ ಅವುಗಳನ್ನು ಆಚರಣೆಯ ಮಟ್ಟಕ್ಕೆ ಇಳಿಸಿತು, ಲ್ಯಾಕ್ಸ್‌ಟನ್ನಿನ ಸಭೆಯ ಅಧಿಕಾರವನ್ನು ಮಾತ್ರ ಉಳಿಸಿತು.

ಬೇಲಿ ಏಕೆ ಬೀಳಲಿಲ್ಲ?

ಊರವರ ಸಂಪ್ರದಾಯ ಪ್ರೀತಿಯಿಂದ ಈ ಪದ್ಧತಿ ಉಳಿಯಿತು ಎಂಬುದು ಸುಲಭದ ಉತ್ತರ. ದಾಖಲೆಗಳು ಬೇರೆ ಕಡೆ ಕೈತೋರುತ್ತವೆ. ಹದಿನೆಂಟನೆಯ ಶತಮಾನದಿಂದ ಲ್ಯಾಕ್ಸ್‌ಟನ್ನಿನಲ್ಲೂ ಅಂಚಿನ ನೆಲಕ್ಕೆ ಹಂತಹಂತವಾಗಿ ಬೇಲಿ ಬಿದ್ದಿದೆ. ಇಡೀ ಊರಿಗೆ ಬೀಳದಿದ್ದುದಕ್ಕೆ ಮುಖ್ಯ ಕಾರಣ ಒಡೆತನದ ಹಂಚಿಕೆ. ಮ್ಯಾನ್ವರ್ಸ್ ಅರ್ಲ್ ಪ್ರಮುಖ ಜಮೀನುದಾರನಾದರೂ ಸ್ಕಾರ್‌ಬರೋ ಅರ್ಲ್‌ನಿಗೂ ಇಲ್ಲಿ ಗಣನೀಯ ಭೂಮಿಯಿತ್ತು, ಜೊತೆಗೆ ಸಣ್ಣ ಸ್ವತಂತ್ರ ಹಿಡುವಳಿದಾರರಿದ್ದರು. ಮೋಜಣಿ, ವಕೀಲರು, ಬೇಲಿ, ಹೊಸ ರಸ್ತೆ ಎಲ್ಲಕ್ಕೂ ಹಣ ಬೇಕು. ಇಬ್ಬರು ದೊಡ್ಡವರು ಒಮ್ಮತಕ್ಕೆ ಬರದೆ ಯಾರೂ ಅಷ್ಟು ಖರ್ಚಿಗೆ ಮುಂದಾಗಲಾರರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಕಾರ್‌ಬರೋ ಪಾಲು ಮ್ಯಾನ್ವರ್ಸ್ ಕೈಗೆ ಬಂದು ಆ ತೊಡಕು ನಿವಾರಣೆಯಾಯಿತು. ಅಷ್ಟರಲ್ಲಿ, 1870ರ ದಶಕದಿಂದ, ಅಮೆರಿಕದ ಅಗ್ಗದ ಗೋಧಿ ಇಂಗ್ಲೆಂಡಿನ ಬೇಸಾಯದ ಬೆಲೆಯನ್ನೇ ಕುಸಿಯುವಂತೆ ಮಾಡಿತ್ತು. ಬೇಲಿಗೆ ಹಾಕುವ ಬಂಡವಾಳ ಗೇಣಿಯಲ್ಲಿ ಮರಳಿ ಬರುವ ಭರವಸೆ ಉಳಿದಿರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎಸ್ಟೇಟು ಪಟ್ಟಿಗಳನ್ನು ಒಗ್ಗೂಡಿಸಿ ಸಂಖ್ಯೆ ಇಳಿಸಿ, ಅಗಲ ಹೆಚ್ಚಿಸಿತು. ಯಂತ್ರಗಳ ಕಾಲಕ್ಕೆ ಪದ್ಧತಿ ಹೊಂದಿಕೊಂಡದ್ದು ಈ ಸುಧಾರಣೆಯಿಂದ.

ಇತಿಹಾಸಕಾರರ ವಾಗ್ವಾದ

ತೆರೆದ ಹೊಲಗಳ ಹುಟ್ಟಿನ ಬಗ್ಗೆ ಇಂಗ್ಲೆಂಡಿನಲ್ಲಿ ನಡೆದ ಚರ್ಚೆಗೆ ಭಾರತದ ಹಳ್ಳಿಯ ಚಿತ್ರವೂ ಸಾಕ್ಷಿಯಾಯಿತು. 1810ರಲ್ಲಿ ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ನಮ್ಮ ಹಳ್ಳಿಯನ್ನು ಸ್ವತಂತ್ರ ಗಣರಾಜ್ಯವಿದ್ದಂತೆ ಎಂದು ಬಣ್ಣಿಸಿದ್ದ. ವೈಸರಾಯಿಯ ಮಂಡಳಿಯಲ್ಲಿ ಕಾನೂನು ಸದಸ್ಯನಾಗಿದ್ದ ಹೆನ್ರಿ ಮೇನ್ 1871ರಲ್ಲಿ ಪೂರ್ವ ಮತ್ತು ಪಶ್ಚಿಮದ ಗ್ರಾಮ ಸಮುದಾಯಗಳನ್ನು ಹೋಲಿಸಿ, ಎರಡೂ ಒಂದೇ ಪ್ರಾಚೀನ ಸಾಮೂಹಿಕ ಒಡೆತನದ ಅವಶೇಷಗಳೆಂದು ವಾದಿಸಿದ. ಈ ಎತ್ತರದ ಸಿದ್ಧಾಂತಗಳನ್ನು ಹೊಲಕ್ಕೆ ಇಳಿಸಿದವರು ಆರ್ವಿನ್ ದಂಪತಿ. 1938ರಲ್ಲಿ ಪ್ರಕಟವಾದ ಅವರ ‘ದಿ ಓಪನ್ ಫೀಲ್ಡ್ಸ್’ ಗ್ರಂಥ ಲ್ಯಾಕ್ಸ್‌ಟನ್ನಿನ ನಕ್ಷೆಯನ್ನು ಆಧಾರವಾಗಿಟ್ಟುಕೊಂಡು, ಪಟ್ಟಿಯ ಆಕಾರಕ್ಕೆ ನೇಗಿಲ ಕೆಲಸವೇ ಮೂಲ ಎಂದು ತೋರಿಸಿತು. 1970ರ ದಶಕದಲ್ಲಿ ಅರ್ಥಶಾಸ್ತ್ರಜ್ಞೆ ಮೆಕ್‌ಕ್ಲಾಸ್ಕಿ ಇನ್ನೊಂದು ವಿವರಣೆ ಕೊಟ್ಟರು. ಪಟ್ಟಿಗಳು ಚದುರಿದ್ದರೆ ತಗ್ಗಿನ ನೆಲದ ಬೆಳೆ ಮಳೆಗೆ ಕೊಳೆತರೂ ದಿಣ್ಣೆಯದು ಕೈಹಿಡಿಯುತ್ತದೆ. ಚದುರುವಿಕೆ ಬಡ ರೈತನ ಬೆಳೆವಿಮೆ ಎಂಬುದು ಈ ವಾದ.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆ ಎಂದು ಬರೆದಾಗ ಅವರ ಮನಸ್ಸಿನಲ್ಲಿದ್ದುದು ಕಾವಲಿಲ್ಲದ ನೆಲ. ಲ್ಯಾಕ್ಸ್‌ಟನ್ನಿನಂಥ ಊರುಗಳಲ್ಲಿ ಯಾರು, ಯಾವಾಗ, ಎಷ್ಟು ದನ ಮೇಯಿಸಬಹುದು ಎಂಬುದಕ್ಕೆ ಲೆಕ್ಕವಿತ್ತು. ಬಳಸುವವರೇ ನಿಯಮ ಮಾಡಿ, ತಾವೇ ಕಣ್ಣಿಟ್ಟು, ಸಣ್ಣ ದಂಡದಿಂದ ಆರಂಭಿಸಿದರೆ ಸಾಮೂಹಿಕ ಸಂಪನ್ಮೂಲ ಬಾಳಿಕೆ ಬರುತ್ತದೆ ಎಂದು 1990ರಲ್ಲಿ ಎಲಿನಾರ್ ಆಸ್ಟ್ರಮ್ ಜಗತ್ತಿನ ಹಲವು ಉದಾಹರಣೆಗಳಿಂದ ಸ್ಥಾಪಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಹಾಗೆಂದು ಲ್ಯಾಕ್ಸ್‌ಟನ್ನನ್ನು ಸಮಾನತೆಯ ಸ್ವರ್ಗವೆಂದು ಭಾವಿಸಬೇಕಿಲ್ಲ. ಪಟ್ಟಿಗಳ ಹಂಚಿಕೆಯಲ್ಲಿ ದೊಡ್ಡ ಹಿಡುವಳಿದಾರ, ಸಣ್ಣ ಹಿಡುವಳಿದಾರ, ನೆಲವೇ ಇಲ್ಲದ ಕೂಲಿಕಾರ ಎಂಬ ಅಂತರವಿತ್ತು. ಪಂಚರು ಊರಿನವರಾದರೂ ಸಭೆಯ ಅಧ್ಯಕ್ಷ ಒಡೆಯನ ಕಡೆಯವನು. ಹಳ್ಳಿಯ ಸ್ವಯಂಪೂರ್ಣತೆ ಒಂದು ಮಿಥ್ಯೆ ಎಂದು ಎಂ. ಎನ್. ಶ್ರೀನಿವಾಸ್ ಭಾರತದ ಹಳ್ಳಿಯ ಬಗ್ಗೆ ಕೊಟ್ಟ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ. ಲಂಡನ್ನಿನ ಸಾಲ, ಅಮೆರಿಕದ ಗೋಧಿ, ಸಂಸತ್ತಿನ ಕಾಯಿದೆ, ಇವೆಲ್ಲ ಈ ಊರಿನ ಬದುವಿನವರೆಗೂ ಬಂದಿವೆ.

ಒಡೆತನ ಬದಲಾದರೂ

1952ರಲ್ಲಿ ಆರನೆಯ ಮ್ಯಾನ್ವರ್ಸ್ ಅರ್ಲ್ ಲ್ಯಾಕ್ಸ್‌ಟನ್ ಎಸ್ಟೇಟನ್ನು ಪದ್ಧತಿಯ ರಕ್ಷಣೆಗಾಗಿ ಸರ್ಕಾರದ ಕೃಷಿ ಸಚಿವಾಲಯಕ್ಕೆ ಮಾರಿದ. ಮೂರು ವರ್ಷಗಳ ನಂತರ ಅವನು ತೀರಿಕೊಂಡಾಗ ಆ ಪದವಿಯೂ ಕೊನೆಗೊಂಡಿತು. 1981ರಲ್ಲಿ ಎಸ್ಟೇಟು ಕ್ರೌನ್ ಎಸ್ಟೇಟ್ ಸಂಸ್ಥೆಗೆ, 2020ರಲ್ಲಿ ಪಿಯರ್‌ಪಾಂಟ್ ವಂಶಕ್ಕೆ ಸೇರಿದ ಥೋರ್ಸ್‌ಬಿ ಎಸ್ಟೇಟಿಗೆ ಹೋಯಿತು. ಒಡೆಯರು ಬದಲಾದಾಗಲೆಲ್ಲ ಊರಿನ ಗೇಣಿದಾರರು ಕೇಳಿದ ಪ್ರಶ್ನೆ ಒಂದೇ: ಹೊಲಗಳ ಕಟ್ಟಳೆ ಮುಂದುವರಿಯುವುದೇ?

ಇದುವರೆಗೆ ಮುಂದುವರಿದಿದೆ. ಮ್ಯೂಸಿಯಮ್ಮಿನಲ್ಲಿ ನೇಗಿಲನ್ನು ಕಾಪಾಡಬಹುದು, ಕಾಲಪಟ್ಟಿಯನ್ನೂ ನೆರೆಯವರ ಒಪ್ಪಂದವನ್ನೂ ಕಾಪಾಡಬೇಕಾದರೆ ಬೇಸಾಯಗಾರರೇ ಬೇಕು. ಮೊದಲು ಜಮೀನುದಾರರ ಭಿನ್ನಾಭಿಪ್ರಾಯ, ಆಮೇಲೆ ಧಾರಣೆಯ ಕುಸಿತ, ಕೊನೆಗೆ ಸರ್ಕಾರದ ತೀರ್ಮಾನ ಈ ಊರಿಗೆ ಅವಕಾಶ ಕೊಟ್ಟವು. ಆ ಅವಕಾಶವನ್ನು ಬಳಸಿಕೊಂಡದ್ದು ವರ್ಷಕ್ಕೊಮ್ಮೆ ಹೊಲಕ್ಕಿಳಿದು ಗೂಟ ನೆಡುವ ಪಂಚರು. ಗೋಮಾಳ, ಕೆರೆ, ದಾರಿಗಳ ಒತ್ತುವರಿ ದಿನನಿತ್ಯದ ಸುದ್ದಿಯಾಗಿರುವ ನಾಡಿನಲ್ಲಿ, ಸಾಮೂಹಿಕ ನೆಲದ ಬಗ್ಗೆ ಅಧ್ಯಯನ ನಡೆಸುವವರು ಕಂದಾಯ ಇಲಾಖೆಯ ಕಡತಗಳ ಜೊತೆಗೆ ಊರುಗಳ ಅಲಿಖಿತ ಕಟ್ಟಳೆಗಳನ್ನೂ ದಾಖಲಿಸಿಕೊಳ್ಳಬೇಕು. ಅವು ತಿಳಿದಿರುವ ಹಿರಿಯರು ಇರುವಾಗಲೇ ಆ ಕೆಲಸ ಆಗಬೇಕು.